ಬ್ಯಾಂಡ್: ಫೋನಿನ ಕಡ್ಡಿಗಳು ಹೇಳದ ಸಂಗತಿ

ಟವರ್ ಮತ್ತು ಫೋನು ಪರಸ್ಪರ ಮಾತಾಡಲು ಗೊತ್ತುಮಾಡಿರುವ ರೇಡಿಯೋ ಆವರ್ತನಗಳ ಒಂದು ಹರವಿಗೆ ಬ್ಯಾಂಡ್ ಎನ್ನುತ್ತಾರೆ. ಅಳತೆ ಮೆಗಾಹರ್ಟ್ಸ್‌ನಲ್ಲಿ. ಟವರ್ ಬೀದಿಯ ಕೊನೆಯಲ್ಲೇ ಇದ್ದರೂ ನಡುಮನೆಯಲ್ಲಿ ಕರೆ ಕಡಿದುಹೋಗುತ್ತದೆ; ಎರಡು ಮೈಲಿ ದೂರದ ಟವರ್ ನಂಬಿಕೊಂಡ ತೋಟದ ಮನೆಯಲ್ಲಿ ಮಾತು ಸರಾಗವಾಗಿ ಕೇಳುತ್ತದೆ. ಇಂಥ ಕಡೆ ಮೊದಲು ಕೇಳಬೇಕಾದ ಪ್ರಶ್ನೆ, ಫೋನು ಆ ಹೊತ್ತಿಗೆ ಯಾವ ಬ್ಯಾಂಡ್ ಹಿಡಿದಿತ್ತು ಎಂಬುದು.

ಪ್ರತಿ ಬ್ಯಾಂಡ್‌ಗೂ ಒಂದು ಅಂತರರಾಷ್ಟ್ರೀಯ ಸಂಖ್ಯೆ ಇದೆ. ಸಂಖ್ಯೆಗೂ ಆವರ್ತನದ ಏರಿಳಿತಕ್ಕೂ ನಂಟಿಲ್ಲ: ಬ್ಯಾಂಡ್ 28 ಎಂದರೆ 700 ಮೆಗಾಹರ್ಟ್ಸ್, ಬ್ಯಾಂಡ್ 3 ಎಂದರೆ 1800. ನಮ್ಮಲ್ಲಿ 4ಜಿ ಓಡುವುದು 700 (ಬ್ಯಾಂಡ್ 28), 850 (ಬ್ಯಾಂಡ್ 5), 900 (ಬ್ಯಾಂಡ್ 8), 1800 (ಬ್ಯಾಂಡ್ 3), 2100 (ಬ್ಯಾಂಡ್ 1), 2300 (ಬ್ಯಾಂಡ್ 40) ಮತ್ತು 2500 (ಬ್ಯಾಂಡ್ 41) ಮೆಗಾಹರ್ಟ್ಸ್‌ಗಳಲ್ಲಿ. 5ಜಿ ಹೆಚ್ಚಾಗಿ ಎನ್78, ಅಂದರೆ 3300ರಿಂದ ಮೇಲಿನ ಹರವಿನಲ್ಲಿದೆ. 2022ರ ಹರಾಜಿನಲ್ಲಿ ಜಿಯೋ 700 ಮೆಗಾಹರ್ಟ್ಸ್ ಕೂಡ ಕೊಂಡು ಅದನ್ನು 5ಜಿಗೆ ಹಾಕಿದೆ. ಬಿಎಸ್‌ಎನ್‌ಎಲ್ 4ಜಿಗೆ 700 ಮತ್ತು 2100 ಆಧಾರ.

1000ಕ್ಕಿಂತ ಕೆಳಗಿನವನ್ನು ಲೋ ಬ್ಯಾಂಡ್ ಎನ್ನುವುದು ವಾಡಿಕೆ. ಇವು ದೂರ ಹೋಗುತ್ತವೆ, ಗೋಡೆ ದಾಟುತ್ತವೆ. 700ರ ಅಲೆಯ ಉದ್ದ ಸುಮಾರು 43 ಸೆಂಟಿಮೀಟರ್, 3500ರದ್ದು ಎಂಟೂವರೆ. ಆವರ್ತನ ದುಪ್ಪಟ್ಟಾದರೆ ಬಯಲಿನಲ್ಲೇ 6 ಡೆಸಿಬೆಲ್ ನಷ್ಟ, ಅಂದರೆ ಕೈಗೆ ಸಿಗುವ ಶಕ್ತಿ ಕಾಲುಭಾಗ. 700ರಿಂದ 3500ಕ್ಕೆ ಐದು ಪಟ್ಟು; ನಷ್ಟ 14 ಡೆಸಿಬೆಲ್, ಸಿಗುವುದು ಇಪ್ಪತ್ತೈದರಲ್ಲಿ ಒಂದು ಪಾಲು. ಗಾಳಿಯೇ ಇದನ್ನು ನುಂಗುತ್ತದೆ ಎಂದು ಬರೆಯುವವರಿದ್ದಾರೆ, ಅದು ಸರಿಯಲ್ಲ. ಅಲೆ ಚಿಕ್ಕದಾದಂತೆ ಅದಕ್ಕೆ ಹೊಂದುವ ಆಂಟೆನಾವೂ ಚಿಕ್ಕದಾಗಿ, ಹಿಡಿಯುವ ಮೈ ಕಡಿಮೆಯಾಗುತ್ತದೆ. ಆ ಕೊರತೆ ತುಂಬಲೆಂದೇ 5ಜಿ ಟವರ್‌ಗಳಲ್ಲಿ ಹತ್ತಾರು ಪುಟ್ಟ ಆಂಟೆನಾಗಳನ್ನು ಒಂದೇ ಹಲಗೆಯಲ್ಲಿ ಜೋಡಿಸಿ ಕಿರಣವನ್ನು ಫೋನಿನ ಕಡೆಗೇ ತಿರುಗಿಸುತ್ತಾರೆ. ಬಯಲಲ್ಲಿ ಇದು ಕೆಲಸ ಮಾಡುತ್ತದೆ. ಗೋಡೆ, ಮರ, ಬೆಳೆ ಅಡ್ಡ ಬಂದಾಗಿನ ನಷ್ಟ ಬೇರೆಯೇ ಲೆಕ್ಕ.

ಮಂಡ್ಯದ ಕಬ್ಬು ಇದಕ್ಕೆ ಒಳ್ಳೆಯ ಉದಾಹರಣೆ. ವಿ.ಸಿ. ನಾಲೆಯ ಅಚ್ಚುಕಟ್ಟಿನಲ್ಲಿ ಆಳೆತ್ತರ ಮೀರಿ ಬೆಳೆದ ಕಬ್ಬು ನೀರು ತುಂಬಿದ ಹಸಿರು ಗೋಡೆ. ದೂರದ ಟವರ್‌ನ ಸಿಗ್ನಲ್ ನೆಲಕ್ಕೆ ಸಮನಾಗಿ ಬರುವುದರಿಂದ ನೂರಾರು ಅಡಿ ಗರಿಗಳ ನಡುವೆ ನುಸುಳಬೇಕು, ಇಲ್ಲವೇ ತುದಿಯ ಮೇಲೆ ಹಾದು ಕೆಳಕ್ಕೆ ಬಾಗಬೇಕು. 850 ಅಥವಾ 900 ಹೀಗೆ ಬಾಗಬಲ್ಲದು, 2300 ಅಷ್ಟಾಗಿ ಬಾಗದು. ಮಳೆ ನಿಂತು ಎಲೆ ತೊಯ್ದಿರುವಾಗ ಇನ್ನೂ ಕಷ್ಟ. ಕಟಾವಾದ ಮರುವಾರ ಅದೇ ಜಾಗದಲ್ಲಿ ನೆಟ್‌ವರ್ಕ್ ಸುಧಾರಿಸಿದರೆ ಕಂಪನಿಯವರು ಟವರ್ ರಿಪೇರಿ ಮಾಡಿದರೆಂದು ಹೊಗಳಬೇಕಾಗಿಲ್ಲ. ಜಿಂಕ್ ಶೀಟಿನ ಆಲೆಮನೆ, ಅಕ್ಕಿ ಗಿರಣಿಗಳ ಕಥೆ ಸರಳ: ತಗಡು ಯಾವ ಬ್ಯಾಂಡನ್ನೂ ಬಿಡುವುದಿಲ್ಲ, ಬಾಗಿಲು ಕಿಟಕಿಯಿಂದ ನುಗ್ಗಿದ್ದಷ್ಟೇ. ಮೈಸೂರಿನ ಹಳೆ ಬಡಾವಣೆಗಳ ದಪ್ಪ ಗೋಡೆಯ ಮನೆಗಳಲ್ಲಿ 1800 ಮೊದಲ ಕೋಣೆವರೆಗೆ ಬಂದು, ಒಳಕೋಣೆಗೆ ಹೋಗುವಷ್ಟರಲ್ಲಿ ಸೋಲುತ್ತದೆ. ಹೊಸ ಕಚೇರಿಗಳ ಬಿಸಿಲು ತಡೆಯುವ ಗಾಜಿಗೆ ಲೋಹದ ತೆಳುಲೇಪ ಇರುತ್ತದೆ. ಗಾಜು ಕಣ್ಣಿಗೆ ಪಾರದರ್ಶಕ, ಸಿಗ್ನಲ್‌ಗೆ ತಗಡಿನ ತಮ್ಮ.

ಹಾಗಾದರೆ ಎಲ್ಲ ಕಡೆ ಲೋ ಬ್ಯಾಂಡನ್ನೇ ಹಾಕಬಾರದೇ? ಅಲ್ಲಿ ಜಾಗ ಕಡಿಮೆ. 850, 900ರಲ್ಲಿ ಒಂದು ಕಂಪನಿಗೆ ಕಳಿಸಲು, ಪಡೆಯಲು ತಲಾ 5 ಅಥವಾ 10 ಮೆಗಾಹರ್ಟ್ಸ್ ಅಗಲ ಸಿಕ್ಕರೆ ಹೆಚ್ಚು. ಎರಡು ಆಂಟೆನಾದ ಸಾಮಾನ್ಯ 4ಜಿಯಲ್ಲಿ 5 ಮೆಗಾಹರ್ಟ್ಸ್‌ನ ಗರಿಷ್ಠ ವೇಗ ಸೆಕೆಂಡಿಗೆ ಸುಮಾರು 37 ಮೆಗಾಬಿಟ್, 20 ಮೆಗಾಹರ್ಟ್ಸ್‌ನದು 150. ಅದನ್ನೂ ಆ ಸೆಕ್ಟರ್‌ನಲ್ಲಿರುವ, ಅಂದರೆ ಟವರ್‌ನ ಒಂದು ಮಗ್ಗುಲಿನ ಆಂಟೆನಾ ನೋಡಿಕೊಳ್ಳುವ ಪ್ರದೇಶದಲ್ಲಿರುವ, ಎಲ್ಲರೂ ಹಂಚಿಕೊಳ್ಳಬೇಕು. ಎನ್78ರಲ್ಲಿ 100 ಮೆಗಾಹರ್ಟ್ಸ್ ಒಟ್ಟಿಗೇ ಸಿಗುತ್ತದೆ. ಲೋ ಬ್ಯಾಂಡ್ ದೂರ ಹೋಗುವುದರಿಂದ ಹೆಚ್ಚು ಮನೆಗಳು ಅದರ ಕೆಳಗೆ ಬರುತ್ತವೆ, ಸಂಜೆ ಏಳರಿಂದ ಹತ್ತರವರೆಗೆ ಅದೇ ಮೊದಲು ಕಟ್ಟಿಕೊಳ್ಳುತ್ತದೆ. ಜಂಬೂಸವಾರಿಯ ದಿನ ಸಯ್ಯಾಜಿರಾವ್ ರಸ್ತೆಯಲ್ಲಿ ಕಡ್ಡಿ ಪೂರ್ತಿ ಇದ್ದೂ ವಾಟ್ಸಾಪ್‌ನಲ್ಲಿ ಒಂದು ಫೋಟೋ ಹೋಗದಿದ್ದರೆ, ಕವರೇಜ್‌ಗೆ ಏನೂ ಆಗಿಲ್ಲ, ಹಂಚಲು ಬ್ಯಾಂಡ್‌ನಲ್ಲಿ ಏನೂ ಉಳಿದಿಲ್ಲ ಎಂದರ್ಥ.

ಕಡ್ಡಿಗಳ ಬಗ್ಗೆ ಇನ್ನೊಂದು ಮಾತು. ಎಷ್ಟು ಶಕ್ತಿಗೆ ಎಷ್ಟು ಕಡ್ಡಿ ತೋರಿಸಬೇಕೆಂಬುದು ಫೋನ್ ತಯಾರಕರ ಇಷ್ಟ. ಅದೂ ಟವರ್ ಕಡೆಯಿಂದ ಬರುವುದರ ಅಳತೆ ಮಾತ್ರ. ಟವರ್ ಹತ್ತಾರು ವಾಟ್ ಬಿಡುತ್ತದೆ, ಫೋನಿನ ಶಕ್ತಿ ಸಾಮಾನ್ಯವಾಗಿ 0.2 ವಾಟ್. ಆಚೆಯವರ ಮಾತು ನಮಗೆ ಕೇಳಿ, ನಮ್ಮ ಮಾತು ಅವರಿಗೆ ಕೇಳದ ‘ಹಲೋ ಹಲೋ’ ಎಷ್ಟೋ ಸಲ ಹುಟ್ಟುವುದು ಇಲ್ಲಿಂದಲೇ. ಇದೇ ಕಾರಣಕ್ಕೆ 900, 1800, 2100ರಂಥ ಜೋಡಿ ಬ್ಯಾಂಡ್‌ಗಳಲ್ಲಿ ಕೆಳಗಿನ ಆವರ್ತನವನ್ನು ಫೋನಿಗೆ ಕೊಟ್ಟಿದ್ದಾರೆ: ಬ್ಯಾಂಡ್ 3ರಲ್ಲಿ ಫೋನು ಕಳಿಸುವುದು 1710–1785ರಲ್ಲಿ, ಟವರ್ ಕಳಿಸುವುದು 1805–1880ರಲ್ಲಿ.

ನಿಜವಾದ ಸಂಖ್ಯೆ ನೋಡಲು ಆಂಡ್ರಾಯ್ಡ್‌ನಲ್ಲಿ *#*#4636#*#*, ಸ್ಯಾಮ್‌ಸಂಗ್‌ನಲ್ಲಿ *#0011#, ಐಫೋನಿನಲ್ಲಿ *3001#12345#* ಒತ್ತಬೇಕು. ಕೆಲವು ಫೋನ್‌ಗಳಲ್ಲಿ ಇದನ್ನು ಮುಚ್ಚಿರುತ್ತಾರೆ. ಆಗ ನೆಟ್‌ಮಾನ್‌ಸ್ಟರ್‌ನಂಥ ಆ್ಯಪ್ ಸಾಕು. ಆರ್‌ಎಸ್‌ಆರ್‌ಪಿ ಎಂಬ ಸಾಲು ಸಿಗ್ನಲ್‌ನ ಬಲ: -80ರ ಆಸುಪಾಸು ಉತ್ತಮ, -100 ನಡೆದೀತು, -110 ದಾಟಿದರೆ ಕೋಣೆ ಬದಲಿಸಬೇಕು, -120ಕ್ಕೆ ಕರೆ ನಿಲ್ಲುವುದೇ ಕಷ್ಟ. ಎಸ್‌ಐಎನ್‌ಆರ್ ಎಂಬುದು ಸಿಗ್ನಲ್ ಎಷ್ಟು ಶುದ್ಧ ಎಂಬ ಲೆಕ್ಕ. 20 ಇದ್ದರೆ ಸೊಗಸು, ಸೊನ್ನೆಗಿಂತ ಕೆಳಗಿಳಿದರೆ ಬಲ ಎಷ್ಟಿದ್ದೂ ಪ್ರಯೋಜನವಿಲ್ಲ. ಚಾಮುಂಡಿ ಬೆಟ್ಟದ ಮೇಲೆ ಈ ಎರಡರ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಅಷ್ಟೆತ್ತರದಲ್ಲಿ ಊರಿನ ಹಲವು ಟವರ್‌ಗಳು ಒಂದೇ ಆವರ್ತನದಲ್ಲಿ ಒಟ್ಟಿಗೆ ಕಾಣುವುದರಿಂದ ಬಲ ಚೆನ್ನಾಗಿದ್ದೂ ಶುದ್ಧತೆ ಕುಸಿಯುತ್ತದೆ. ಬ್ಯಾಂಡ್ ಹೆಸರು ತೋರಿಸದೆ ಚಾನೆಲ್ ಸಂಖ್ಯೆ ಮಾತ್ರ ಕೊಟ್ಟರೆ ಹೀಗೆ ಓದಿ: 4ಜಿಯಲ್ಲಿ 0–599 ಬ್ಯಾಂಡ್ 1, 1200–1949 ಬ್ಯಾಂಡ್ 3, 2400–2649 ಬ್ಯಾಂಡ್ 5, 3450–3799 ಬ್ಯಾಂಡ್ 8, 9210–9659 ಬ್ಯಾಂಡ್ 28, 38650–39649 ಬ್ಯಾಂಡ್ 40.

ಅಳೆಯುವಾಗ ಏರ್‌ಪ್ಲೇನ್ ಮೋಡ್ ಹಾಕಿ ತೆಗೆದು, ಅರ್ಧ ನಿಮಿಷ ಬಿಟ್ಟು, ಒಂದು ವಿಡಿಯೋ ಓಡಿಸುತ್ತಾ ನೋಡಬೇಕು. ಸುಮ್ಮನಿದ್ದಾಗ ಒಂದು ಬ್ಯಾಂಡ್, ಕೆಲಸ ಮಾಡುವಾಗ ಇನ್ನೊಂದು ಇರುವುದುಂಟು. ಜಗಲಿ, ನಡುಮನೆ, ಒಳಕೋಣೆ ಮೂರೂ ಕಡೆ ಬರೆದುಕೊಳ್ಳಿ. ಜಗಲಿಯಲ್ಲಿ ಬ್ಯಾಂಡ್ 40 ಇದ್ದದ್ದು ಒಳಗೆ ಬ್ಯಾಂಡ್ 5ಕ್ಕೆ ಇಳಿದರೆ ಅದು ಸಹಜ. ಒಳಗೆ ಎರಡರ ನಡುವೆ ಓಲಾಡುತ್ತಿದ್ದರೆ ಫೋನು ಬಿಸಿಯಾಗಬಹುದು, ಬ್ಯಾಟರಿಯೂ ಬೇಗ ಇಳಿಯುತ್ತದೆ. ಅಂಚಿನಲ್ಲಿ ಕುಂಟುವ 5ಜಿಯನ್ನು ಮನೆಯಲ್ಲಿದ್ದಾಗ ಬಿಟ್ಟು 4ಜಿಗೆ ಹಾಕಿಕೊಳ್ಳುವುದೇ ಜಾಣತನ. ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇದ್ದರೆ ವೈಫೈ ಕರೆ ಆನ್ ಮಾಡಿ, ಬ್ಯಾಂಡ್‌ನ ಗೊಡವೆಯೇ ಬೇಡ.

ಸಿಮ್ ಬದಲಿಸುವ ಮುನ್ನ ಫೋನಿನಲ್ಲಿ ಆ ಬ್ಯಾಂಡ್ ಇದೆಯೇ ನೋಡಬೇಕು. ಹಳೆಯ ಫೋನಿಗೆ ಬ್ಯಾಂಡ್ 28 ಇಲ್ಲದಿದ್ದರೆ ಬಿಎಸ್‌ಎನ್‌ಎಲ್‌ನ 4ಜಿ ಸಿಮ್ ಹಾಕಿದರೂ 700 ಮೆಗಾಹರ್ಟ್ಸ್ ಕಾಣುವುದೇ ಇಲ್ಲ. ವಿದೇಶದಿಂದ ತಂದ ಫೋನಾದರೆ ಮಾಡೆಲ್ ಸಂಖ್ಯೆ ಹಿಡಿದು ಬ್ಯಾಂಡ್ ಪಟ್ಟಿಯನ್ನು ಮತ್ತೊಮ್ಮೆ ಓದಿ. ಒಂದೇ ಹೆಸರಿನ ಫೋನು ದೇಶಕ್ಕೊಂದು ಬ್ಯಾಂಡ್ ಗುಂಪಿನಲ್ಲಿ ಬರುತ್ತದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮದಂತೆ ಕಂಪನಿಗಳು ಕವರೇಜ್ ನಕ್ಷೆ ಹಾಕಿವೆ. ಅದು 4ಜಿ, 5ಜಿ ಎಲ್ಲಿದೆ ಎಂದು ಹೇಳುತ್ತದೆ, ನಿಮ್ಮ ಒಳಕೋಣೆಯ ಲೆಕ್ಕ ಅದರಲ್ಲಿಲ್ಲ.

ಪಂಪ್‌ಸೆಟ್‌ನ ಮೊಬೈಲ್ ಸ್ಟಾರ್ಟರ್‌ಗೆ ಇದೇ ಮಾತು ಇನ್ನೂ ಬಿಗಿಯಾಗಿ ಅನ್ವಯ. ಅಗ್ಗದ ಸ್ಟಾರ್ಟರ್‌ಗಳಲ್ಲಿ ಹಲವು 2ಜಿ ಮಾತ್ರ ಬಲ್ಲವು, ಅಂದರೆ 900 ಮತ್ತು 1800. ಜಿಯೋದಲ್ಲಿ 2ಜಿಯೇ ಇಲ್ಲದ್ದರಿಂದ ಆ ಸಿಮ್ ಹಾಕಿದರೆ ಪಂಪ್ ಉತ್ತರ ಕೊಡುವುದಿಲ್ಲ. ಸ್ಟಾರ್ಟರ್ ಕಬ್ಬಿಣದ ಪೆಟ್ಟಿಗೆಯಲ್ಲಿದ್ದರೆ ಆಂಟೆನಾ ತಂತಿಯನ್ನು ಹೊರಗೆಳೆದು, ಗೋಡೆಯ ಮೇಲ್ಭಾಗದಲ್ಲಿ, ಮೋಟಾರ್ ಕೇಬಲ್‌ನಿಂದ ದೂರ ಕಟ್ಟಬೇಕು. ಸಂತೆಯಲ್ಲೂ ಆನ್‌ಲೈನ್‌ನಲ್ಲೂ ಸಿಗುವ ಸಿಗ್ನಲ್ ಬೂಸ್ಟರ್ ಮಾತ್ರ ತರಬೇಡಿ. ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಅದನ್ನು ಹಾಕುವುದು ಕಾನೂನಿಗೆ ವಿರುದ್ಧ. ಮೇಲಾಗಿ ಒಳಗಿನ ಆಂಟೆನಾ ಹೊರಗಿನದಕ್ಕೆ ಕೇಳುವಷ್ಟು ಹತ್ತಿರ ಇದ್ದರೆ ಯಂತ್ರ ತನ್ನ ಸದ್ದನ್ನೇ ಹಿಗ್ಗಿಸುತ್ತಾ ಟವರ್‌ನ ಕಿವಿ ತುಂಬಿಬಿಡುತ್ತದೆ. ಆಗ ಆ ಸೆಕ್ಟರ್‌ನ ಅಕ್ಕಪಕ್ಕದವರ ಕರೆಗಳೂ ಕಡಿಯುತ್ತವೆ.