ನೀರು ಹಾಕಿದ್ದು ಯಾರು?

‘ಮಲಗುವ ಕೋಣೆಯಲ್ಲಿ ಸ್ನೇಕ್ ಪ್ಲಾಂಟ್ ಇಡಿ, ರಾತ್ರಿಯಿಡೀ ಆಮ್ಲಜನಕ ಕೊಡುತ್ತದೆ, ಖಿನ್ನತೆ ಮಾಯ!’ ಈ ವಾಟ್ಸಾಪ್ ಸಂದೇಶ ಈ ತಿಂಗಳಲ್ಲಿ ನನಗೆ ಬಂದದ್ದು ಮೂರನೇ ಸಲ. ಆ ಗಿಡ ರಾತ್ರಿ ಎಲೆಯ ರಂಧ್ರ ತೆರೆದು ಇಂಗಾಲದ ಡೈ ಆಕ್ಸೈಡ್ ಎಳೆದುಕೊಳ್ಳುವುದೇನೋ ನಿಜ. ಆಮ್ಲಜನಕ ತಯಾರಾಗಲು ಬೆಳಕು ಬೇಕಲ್ಲ ಸ್ವಾಮಿ, ಅದು ಹಗಲಿನ ಕೆಲಸ. ಗಾಳಿ ಶುದ್ಧವಾಗುವ ಕತೆಯೂ ಹೀಗೇ. 1989ರಲ್ಲಿ ನಾಸಾದವರು ಬಿಗಿಯಾಗಿ ಮುಚ್ಚಿದ ಪೆಟ್ಟಿಗೆಗಳೊಳಗೆ ಗಿಡ ಇಟ್ಟು ಕಂಡದ್ದನ್ನು ತಂದು ಕಿಟಕಿ ಬಾಗಿಲಿರುವ ನಮ್ಮ ಮನೆಗಳಿಗೆ ಅಂಟಿಸಿದ್ದಾರೆ. ಹಳೆಯ ಅಧ್ಯಯನಗಳನ್ನೆಲ್ಲ ಕಲೆಹಾಕಿ 2019ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಲೆಕ್ಕ ಹಾಕಿದರು: ಕಟ್ಟಡದೊಳಗೆ ತಾನಾಗಿಯೇ ಗಾಳಿಯಾಡುವುದರಿಂದ ಆಗುವಷ್ಟು ಕೆಲಸವನ್ನು ಗಿಡಗಳು ಮಾಡಬೇಕಾದರೆ ಚದರ ಮೀಟರಿಗೆ 10ರಿಂದ 1000 ಗಿಡ ಬೇಕು. ಮತ್ತೆ ಮಲಗುವುದೆಲ್ಲಿ?

ಹಾಗಂತ ಗಿಡ ಮನಸ್ಸಿಗೆ ಒಳ್ಳೆಯದು ಎನ್ನುವುದು ಸುಳ್ಳಲ್ಲ. ಗುಟ್ಟನ್ನು ನೀರಿನ ಚೊಂಬಿನಲ್ಲಿ ಹುಡುಕಬೇಕು, ಅಷ್ಟೆ.

ಎಲೆನ್ ಲ್ಯಾಂಗರ್ ಮತ್ತು ಜೂಡಿತ್ ರೋಡಿನ್ ಎಂಬ ಮನೋವಿಜ್ಞಾನಿಗಳು 1976ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ಬಹಳ ಇಷ್ಟ. ಕನೆಕ್ಟಿಕಟ್‌ನ ಒಂದು ವೃದ್ಧಾಶ್ರಮದ ಎರಡು ಮಹಡಿಗಳ 91 ಮಂದಿಗೆ ಕುಂಡದ ಗಿಡ ಕೊಟ್ಟರು. ಒಂದು ಮಹಡಿಯವರಿಗೆ ‘ಗಿಡ ನಿಮ್ಮದು, ನೋಡಿಕೊಳ್ಳುವವರೂ ನೀವೇ’ ಎಂದರು. ಇನ್ನೊಂದು ಮಹಡಿಯವರಿಗೆ ‘ನೀರು ಹಾಕಲು ನರ್ಸ್‌ಗಳಿದ್ದಾರೆ’ ಎಂದರು. ಮೂರು ವಾರ ಕಳೆಯುವಷ್ಟರಲ್ಲಿ ಮೊದಲಿನವರು ಹೆಚ್ಚು ಗೆಲುವಾಗಿದ್ದರು. ಹದಿನೆಂಟು ತಿಂಗಳ ಹೊತ್ತಿಗೆ ಅವರಲ್ಲಿ ಸತ್ತವರು ಶೇ. 15, ಇತ್ತ ಶೇ. 30. ಅಂಕಿ ಕಂಡು ಹಿಗ್ಗುವ ಮೊದಲು ಒಂದು ಮಾತು: ಸಾವಿನ ಲೆಕ್ಕಾಚಾರದಲ್ಲಿ ತಪ್ಪು ನುಸುಳಿತ್ತೆಂದು ಆಮೇಲೆ ತಿದ್ದುಪಡಿ ಬಂತು, ವ್ಯತ್ಯಾಸ ಮೊದಲು ಹೇಳಿದಷ್ಟು ಗಟ್ಟಿಯಾಗಿ ಉಳಿಯಲಿಲ್ಲ. ಸಿನಿಮಾ ಯಾವ ದಿನ ನೋಡಬೇಕೆಂಬ ಆಯ್ಕೆಯಂಥವೂ ಮೊದಲ ಗುಂಪಿಗಿದ್ದವು. ಎಲ್ಲ ಕೀರ್ತಿಯೂ ಗಿಡಕ್ಕಲ್ಲ.

ಖಿನ್ನತೆಯ ಚಿಕಿತ್ಸೆಯಲ್ಲಿ ‘ಬಿಹೇವಿಯರಲ್ ಆ್ಯಕ್ಟಿವೇಶನ್’ ಎಂಬ ಕ್ರಮವಿದೆ. ಮನಸ್ಸು ಬಂದಾಗ ಏಳುತ್ತೇನೆ ಎಂದು ಮಲಗಿದವರಿಗೆ ಮನಸ್ಸು ಬರುವುದೇ ಇಲ್ಲ. ಮಾಡುವುದು ಕಡಿಮೆಯಾದಷ್ಟೂ ಸಿಗುವ ಖುಷಿ ಕಡಿಮೆ, ಖುಷಿ ಕಡಿಮೆಯಾದಷ್ಟೂ ಮಾಡುವ ಹುಮ್ಮಸ್ಸು ಕಡಿಮೆ. ಆದ್ದರಿಂದ ಸಣ್ಣ ಕೆಲಸ ಮೊದಲು, ಮನಸ್ಸು ಹಿಂದಿನಿಂದ ಬರಲಿ. ಒಣಗಿದ ಕೈಪಂಪನ್ನು ಎಷ್ಟು ಜಗ್ಗಿದರೂ ಬರುವುದು ಗಾಳಿ. ಮೇಲಿಂದ ಒಂದು ಚೊಂಬು ನೀರು ಹುಯ್ದು ಹೊಡೆದರೆ ಪಾತಾಳದ್ದೂ ಎದ್ದು ಬರುತ್ತದೆ. ಪಂಪು ತೀರಾ ಗದ್ದಲದ್ದಾಯಿತೆನ್ನಿ. ಹಾಲಿಗೆ ಹೆಪ್ಪು ಹಾಕುವುದನ್ನು ನೆನೆಯಿರಿ: ಒಂದು ಚಮಚ, ರಾತ್ರಿ ಪೂರ್ತಿ ಸದ್ದಿಲ್ಲದ ಕೆಲಸ, ನಡುವೆ ಅಲ್ಲಾಡಿಸಿದರೆ ಕೆಟ್ಟಿತು. ಗಿಡವೂ ಅಷ್ಟೇ ನಿಧಾನ. ಇಂದು ಹಾಕಿದ ನೀರಿಗೆ ಉತ್ತರ ಮುಂದಿನ ವಾರದ ಚಿಗುರು. ಮೇಲಾಗಿ ಅದು ‘ಈಗ ಹೇಗಿದ್ದೀಯಾ?’ ಎಂದು ದಿನಕ್ಕೆ ನಾಲ್ಕು ಸಲ ಕೇಳುವುದಿಲ್ಲ.

ಡಾಕ್ಟರನ್ನೂ ಮಾತ್ರೆಯನ್ನೂ ಬಿಟ್ಟು ಕುಂಡ ಹಿಡಿಯಿರಿ ಎಂದು ನಾನು ಹೇಳುತ್ತಿಲ್ಲ. ಚೇತರಿಸಿಕೊಳ್ಳುತ್ತಿರುವವರಿಗೆ ಗಿಡ ಕೊಡುವುದಾದರೆ ಮನಿ ಪ್ಲಾಂಟ್ ಕೊಡಿ. ಕದ್ದು ತಂದರೇ ದುಡ್ಡು ಎಂಬ ನಂಬಿಕೆ ಅತ್ತ ಇರಲಿ. ಬಾಟಲಿ ನೀರಿನಲ್ಲೂ ಬೇರು ಬಿಡುತ್ತದೆ, ನಾಲ್ಕು ದಿನ ಮರೆತರೂ ಮುನಿಯುವುದಿಲ್ಲ. ಕಷ್ಟವಿರುವುದು ಮನೆಯವರದು. ಎಲೆ ಜೋತದ್ದು ಕಂಡರೆ ಸಾಕು, ಅಯ್ಯೋ ಎಂದು ಅಮ್ಮನೇ ಚೊಂಬು ಹಿಡಿದು ಬರುತ್ತಾರೆ. ಆ ಇನ್ನೊಂದು ಮಹಡಿಯ ನರ್ಸ್‌ಗಳು ಮಾಡಿದ್ದೂ ಅದನ್ನೇ, ಪಾಪ.