ಹಕ್ಕಿಗೆ ಕೊಡುವ ಪರಾಗ ಎಲ್ಲಿಯದು, ಯಾವ ತಿಂಗಳದ್ದು?

ಪಂಜರದ ಜೊತೆಗೆ ಒಂದು ಡಬ್ಬಿಯನ್ನೂ ಹಿಡಿದು ನನ್ನ ಚಿಕಿತ್ಸಾಲಯಕ್ಕೆ ಬರುವವರು ಈಚೆಗೆ ಹೆಚ್ಚಾಗಿದ್ದಾರೆ. ಡಬ್ಬಿಯಲ್ಲಿ ಹಳದಿ, ಕಿತ್ತಳೆ, ಕಂದು ಬಣ್ಣದ ಪುಟ್ಟ ಉಂಡೆಗಳಿರುತ್ತವೆ. ಜೇನುನೊಣ ಹೂವಿನಿಂದ ಬಾಚಿ, ಹಿಂಗಾಲಿಗೆ ಅಂಟಿಸಿಕೊಂಡು ಗೂಡಿಗೆ ತರುವ ಪರಾಗ ಅದು. "ಡಾಕ್ಟರೇ, ಇದನ್ನು ಹಕ್ಕಿಗೆ ಕೊಡಬಹುದೇ?" ಎಂದು ಕೇಳುತ್ತಾರೆ. ನಾನು ಡಬ್ಬಿಯನ್ನು ತಿರುಗಿಸಿ ನೋಡುತ್ತೇನೆ. ಶುದ್ಧ, ನೈಸರ್ಗಿಕ ಎಂಬ ಮಾತುಗಳು ದೊಡ್ಡ ಅಕ್ಷರದಲ್ಲಿರುತ್ತವೆ. ಯಾವ ಊರಿನ ಪೆಟ್ಟಿಗೆಯದು, ಯಾವ ತಿಂಗಳಲ್ಲಿ ತೆಗೆದದ್ದು ಎಂಬುದು ಮಾತ್ರ ಎಲ್ಲೂ ಇರುವುದಿಲ್ಲ. ನನಗೆ ಬೇಕಾದದ್ದು ಆ ಎರಡೇ ವಿಷಯ.

ಮೊದಲು ಹಕ್ಕಿಯ ಮಾತು. ಪರಾಗವೇ ಆಹಾರವಾಗಿರುವ ಸಾಕುಹಕ್ಕಿ ಎಂದರೆ ಲೋರಿ ಎಂಬ ಗಿಳಿ. ಅದರ ನಾಲಿಗೆಯ ತುದಿಯಲ್ಲಿ ಕುಂಚದಂತೆ ಎಳೆಗಳಿವೆ. ಆಸ್ಟ್ರೇಲಿಯಾ, ನ್ಯೂಗಿನಿಯ ಕಾಡುಗಳಲ್ಲಿ ಅದು ಮಕರಂದವನ್ನೂ ಪರಾಗವನ್ನೂ ಆ ಕುಂಚದಿಂದಲೇ ಒರೆಸಿ ತಿನ್ನುತ್ತದೆ. ನಮ್ಮ ಅಂಗಡಿಗಳಲ್ಲಿ ಲವ್‌ಬರ್ಡ್ಸ್ ಎಂಬ ತಪ್ಪು ಹೆಸರಿನಲ್ಲಿ ಮಾರುವ ಬಜರಿಗರ್, ಕಾಕಟೀಲ್, ಫಿಂಚ್ ಇವೆಲ್ಲ ಕಾಳು ತಿನ್ನುವ ಹಕ್ಕಿಗಳು. ಇವುಗಳಿಗೆ ಪರಾಗ ಪೂರಕ ಆಹಾರವಷ್ಟೇ. ಮರಿ ಸಾಕುವಾಗ, ಗರಿ ಉದುರಿ ಹೊಸದು ಬರುವಾಗ ಅದರ ಪ್ರೋಟೀನು ನೆರವಿಗೆ ಬರುತ್ತದೆ. ಆದರೆ ವರ್ಷವಿಡೀ ಬರೀ ನವಣೆ ತಿಂದು ವಿಟಮಿನ್ ಎ ಮತ್ತು ಕ್ಯಾಲ್ಸಿಯಂ ಕೊರತೆಯಿಂದ ಸೊರಗಿದ ಹಕ್ಕಿಯನ್ನು ಪರಾಗ ಎತ್ತಿ ನಿಲ್ಲಿಸುವುದಿಲ್ಲ. ಅದಕ್ಕೆ ದಿನವೂ ನಾಲ್ಕು ಎಸಳು ನುಗ್ಗೆಸೊಪ್ಪು, ಪಂಜರಕ್ಕೆ ಸಿಕ್ಕಿಸಿದ ಒಂದು ತುಂಡು ಸಮುದ್ರನೊರೆ (ಕಟಲ್‌ಬೋನ್) ಬೇಕು. ಇವೆರಡಕ್ಕೂ ಪರಾಗದಷ್ಟು ಬೆಲೆಯಾಗುವುದಿಲ್ಲ. ಇದನ್ನು ಹೇಳಿದಾಗ ಕೆಲವರ ಮುಖ ಸಣ್ಣದಾಗುತ್ತದೆ, ಆದರೂ ಹೇಳುತ್ತೇನೆ.

ಲೋರಿ ಸಾಕುವವರು, ಮರಿ ಮಾಡಿಸುವವರು ಪರಾಗ ಹುಡುಕುವುದು ಸರಿ. ಅವರು ನಮ್ಮ ನೆಲದ ಪರಾಗವನ್ನೇ ಹುಡುಕಬೇಕು ಎನ್ನುತ್ತೇನೆ. ನೆಲದ ಅಭಿಮಾನಕ್ಕಾಗಿ ಈ ಮಾತಲ್ಲ. ಹತ್ತಿರದ್ದಾದರೆ ಹೋಗಿ ಕೇಳಬಹುದು, ನೋಡಬಹುದು ಎಂಬುದಕ್ಕಾಗಿ.

ಶಿರಸಿ ಕಡೆಯಲ್ಲಿ ನನ್ನ ಸೋದರಮಾವ ಅಡಿಕೆ ತೋಟದಂಚಿನಲ್ಲಿ ನಮ್ಮ ನಾಡಿನದೇ ಆದ ತುಡುವೆ ಜೇನು ಸಾಕಿದ್ದಾರೆ. ಪರಾಗ ತೆಗೆಯುವ ಬಗೆಯನ್ನು ನಾನು ಕಲಿತದ್ದು ಅವರಿಂದ. ಪೆಟ್ಟಿಗೆಯ ಬಾಗಿಲಿಗೆ ನೊಣ ಮಾತ್ರ ನುಸುಳುವಷ್ಟು ಕಿರಿದಾದ ತೂತುಗಳ ತಗಡನ್ನು ಕೂರಿಸುತ್ತಾರೆ. ನೊಣ ಒಳಗೆ ತೂರುವಾಗ ಕಾಲಿನ ಉಂಡೆ ಕಳಚಿ ಕೆಳಗಿನ ತಟ್ಟೆಗೆ ಬೀಳುತ್ತದೆ. ಹೀಗೆ ಬಿದ್ದದ್ದು ಮರಿಹುಳುಗಳ ಊಟ ಎಂಬುದನ್ನು ಮಾವ ಒಂದು ದಿನವೂ ಮರೆಯುವುದಿಲ್ಲ. ಮೊಟ್ಟೆ, ಮರಿಗಳಿರುವ ಸಂಸಾರ ಕೋಣೆಯಲ್ಲಿ ಪರಾಗ ತೀರಿದರೆ ಮೊಟ್ಟೆ ಇಡುವುದು ನಿಲ್ಲುತ್ತದೆ. ತುಡುವೆಯಾದರೆ ಕುಟುಂಬವೇ ಪೆಟ್ಟಿಗೆ ಬಿಟ್ಟು ಹಾರಿಹೋಗುತ್ತದೆ. ಆದ್ದರಿಂದ ಅವರು ವಾರಕ್ಕೆ ಎರಡು ದಿನ ಮಾತ್ರ, ಅದೂ ಗಟ್ಟಿ ಕುಟುಂಬಗಳಿಗೆ ಮಾತ್ರ ತಗಡು ಹಾಕುತ್ತಾರೆ. 1990ರ ದಶಕದ ಆರಂಭದಲ್ಲಿ ಜೇನಿನ ಮರಿಹುಳುಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ಬಂದು ನಮ್ಮ ಕಡೆಯ ತುಡುವೆ ಪೆಟ್ಟಿಗೆಗಳು ಸಾಲುಸಾಲಾಗಿ ಖಾಲಿಯಾದುದನ್ನು ಕಂಡವರು ಅವರು. "ನನ್ನ ಹುಳುವಿಗೆ ಮಿಕ್ಕಿದ್ದು ನಿನ್ನ ಹಕ್ಕಿಗೆ" ಎಂದು ಮೊದಲ ಸಲವೇ ಹೇಳಿಬಿಟ್ಟಿದ್ದರು.

ಮಲೆನಾಡಿನಲ್ಲಿ ಪರಾಗ ಮಿಗುವುದು ಬೇಸಿಗೆಯ ಹೂಗಾಲದಲ್ಲಿ, ಫೆಬ್ರವರಿಯಿಂದ ಏಪ್ರಿಲ್‌ವರೆಗೆ. ಮಳೆಗಾಲದಲ್ಲಿ ಜೇನಿಗೇ ಹೊಟ್ಟೆಗಿರುವುದಿಲ್ಲ, ಸಕ್ಕರೆ ಪಾಕ ಕೊಟ್ಟು ಉಳಿಸಿಕೊಳ್ಳಬೇಕು. ಆದ್ದರಿಂದ ಜುಲೈ ತಿಂಗಳಲ್ಲಿ ಯಾರಾದರೂ ಮಲೆನಾಡಿನ ತಾಜಾ ಪರಾಗ ಎಂದು ಮಾರಿದರೆ ನಾನು ಕೊಳ್ಳುವುದಿಲ್ಲ. ಬಯಲುಸೀಮೆಯ ಕಥೆ ಬೇರೆ. ಅಲ್ಲಿ ಹೊರದೇಶದಿಂದ ಬಂದ ಮೆಲ್ಲಿಫೆರಾ ಜೇನಿನ ಪೆಟ್ಟಿಗೆಗಳನ್ನು ಲಾರಿಗೆ ಏರಿಸಿ ಸೂರ್ಯಕಾಂತಿಯಂಥ ಬೆಳೆಗಳ ಬೆನ್ನು ಹಿಡಿದು ಹೋಗುತ್ತಾರೆ. ಮೆಲ್ಲಿಫೆರಾ ಹೆಚ್ಚು ಪರಾಗ ತರುತ್ತದೆ. ಒಂದೇ ಬಣ್ಣದ ಉಂಡೆಗಳು ಸಾಮಾನ್ಯವಾಗಿ ಒಂದೇ ಬೆಳೆಯವು, ಬಣ್ಣ ಬೆರೆತಿದ್ದರೆ ಹಲವು ಹೂವಿನವು. ಹಕ್ಕಿಗೆ ಬೆರೆತದ್ದೇ ವಾಸಿ, ಒಂದು ಹೂವಿನಲ್ಲಿಲ್ಲದ ಸತ್ವ ಇನ್ನೊಂದರಲ್ಲಿರುತ್ತದೆ.

ಒಂದೇ ಬೆಳೆಯದ್ದರ ಬಗ್ಗೆ ನನ್ನ ಹಿಂಜರಿಕೆಗೆ ಇನ್ನೊಂದು ಕಾರಣ ಔಷಧಿ ಸಿಂಪಡಣೆ. ಸೂರ್ಯಕಾಂತಿ ಬೀಜಕ್ಕೆ ಬಿತ್ತುವ ಮೊದಲೇ ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ ಲೇಪಿಸುವುದುಂಟು. ಅದು ಗಿಡದೊಳಗೆ ಹರಿಯುವ ವಿಷ, ಅದರ ಅಂಶ ಪರಾಗಕ್ಕೂ ಸೇರಬಹುದು. ದಾಳಿಂಬೆ ತೋಟಗಳಲ್ಲಿ ಸಿಂಪಡಣೆ ಎಷ್ಟೆಂಬುದು ಬೆಳೆಗಾರರಿಗೇ ಗೊತ್ತು. ಅಡಿಕೆಗೂ ಕೊಳೆರೋಗ ತಡೆಯಲು ಮಳೆಗೆ ಮೊದಲು ಮೈಲುತುತ್ತು, ಸುಣ್ಣದ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಮಾವ ಆ ಹೊತ್ತಿಗೆ ತಗಡು ತೆಗೆದು ಒಳಗಿಟ್ಟಿರುತ್ತಾರೆ. ಮೂವತ್ತು ಗ್ರಾಂ ತೂಗುವ ಬಜರಿಗರ್‌ಗೆ ಎಷ್ಟು ವಿಷ ಹೆಚ್ಚಾಗುತ್ತದೆ ಎಂದು ಯೋಚಿಸಿ ನೋಡಿ. ಮಾರುವವರನ್ನು ಕೇಳಬೇಕಾದದ್ದು ಇದು: ಪೆಟ್ಟಿಗೆಯ ಸುತ್ತ ಏನು ಬೆಳೆ, ಹೂವಿದ್ದಾಗ ಏನು ಹೊಡೆದರು, ಜೇನಿಗೆ ಹುಳಬಾಧೆ ಬಂದಾಗ ನೀವೇನು ಔಷಧಿ ಕೊಟ್ಟಿರಿ? ಜೇನು ಸಾಕಿದವರು ಸಲೀಸಾಗಿ ಉತ್ತರಿಸುತ್ತಾರೆ. ಬೇರೆಡೆ ಕೊಂಡು ಡಬ್ಬಿಗೆ ತುಂಬುವವರಿಗೆ ಉತ್ತರ ಹೊಳೆಯುವುದಿಲ್ಲ.

ಹೆಜ್ಜೇನು ಕೀಳುವವರು ಎರಿಯಿಂದ, ಅಂದರೆ ಮೇಣದ ಗೂಡಿನಿಂದ, ಕೆರೆದು ಕೊಡುವ ಪರಾಗವನ್ನು ಕೊಳ್ಳಬೇಡಿ. ಅದರಲ್ಲಿ ಮರಿಹುಳು, ಜೇನು, ಹೊಗೆ ಎಲ್ಲವೂ ಸೇರಿ ಬೇಗ ಹುಳಿಯಾಗುತ್ತದೆ.

ನಾನು ಎಲ್ಲಕ್ಕಿಂತ ಹೆಚ್ಚು ಹೆದರುವುದು ತೇವಕ್ಕೆ. ಆಗ ತಾನೇ ತೆಗೆದ ಪರಾಗದಲ್ಲಿ ಸುಮಾರು ಐದನೆಯ ಒಂದು ಪಾಲು ನೀರೇ ಇರುತ್ತದೆ. ಅಂದೇ ಒಣಗಿಸದಿದ್ದರೆ ಅಥವಾ ಫ್ರೀಜರ್‌ಗೆ ಹಾಕದಿದ್ದರೆ ಬೂಷ್ಟು ಹಿಡಿಯುತ್ತದೆ. ಒಂದು ಮಳೆಗಾಲದಲ್ಲಿ ಎರಡು ಲೋರಿಗಳು ಬಾಯಿ ತೆರೆದು, ಬಾಲ ಕುಣಿಸುತ್ತ ಉಸಿರಾಡುವ ಸ್ಥಿತಿಯಲ್ಲಿ ನನ್ನಲ್ಲಿಗೆ ಬಂದವು. ಶ್ವಾಸಚೀಲಗಳಿಗೆ ಆಸ್ಪರ್ಜಿಲಸ್ ಶಿಲೀಂಧ್ರ ಹತ್ತಿತ್ತು. ಮನೆಯವರು ತಂದ ಪರಾಗದ ಡಬ್ಬಿ ಮೂರು ತಿಂಗಳಿಂದ ಅಡುಗೆಮನೆಯ ಕಪಾಟಿನಲ್ಲಿತ್ತು, ಮುಚ್ಚಳ ತೆರೆದರೆ ಮುಗ್ಗಲು ವಾಸನೆ. ಸೋಂಕು ಅದರಿಂದಲೇ ಬಂದಿತೆಂದು ಪ್ರಮಾಣ ಮಾಡಲಾರೆ, ಪಂಜರದ ತಳವೂ ತೇವವಾಗಿತ್ತಂತೆ. ಒಂದು ಹಕ್ಕಿ ಉಳಿಯಿತು. ಇನ್ನೊಂದನ್ನು ಕಳೆದುಕೊಂಡ ಹುಡುಗಿ ಖಾಲಿ ಪಂಜರವನ್ನು ಮನೆಗೆ ಒಯ್ಯಲಾರದೆ ನನ್ನಲ್ಲೇ ಬಿಟ್ಟುಹೋದಳು. ಅದು ಇನ್ನೂ ಇದೆ.

ಕೊಳ್ಳುವಾಗ ಒಂದು ಉಂಡೆಯನ್ನು ಬೆರಳಲ್ಲಿ ಒತ್ತಿ ನೋಡಿ. ಚೆನ್ನಾಗಿ ಒಣಗಿದ್ದು ಪುಡಿಯಾಗುತ್ತದೆ, ಹಸಿಯದ್ದು ಮೆತ್ತಿಕೊಳ್ಳುತ್ತದೆ. ಉಂಡೆಗಳ ನಡುವೆ ಬಲೆಯಂಥ ಎಳೆ ಕಂಡರೆ ಪತಂಗದ ಹುಳು ಸೇರಿದೆ. ಹದವಾದ ಪರಾಗಕ್ಕೆ ಹೂವಿನ, ಒಣಹುಲ್ಲಿನ ನವಿರು ಪರಿಮಳವಿರುತ್ತದೆ. ಬಿರುಬಿಸಿಲಿನಲ್ಲಿ ಒಣಗಿಸಿದ್ದು ಬಣ್ಣಗೆಟ್ಟಿರುತ್ತದೆ, ಸತ್ವವೂ ಹೋಗಿರುತ್ತದೆ; ನಲವತ್ತು ಡಿಗ್ರಿ ಮೀರದ ಬಿಸಿಯಲ್ಲಿ, ನೆರಳಿನಲ್ಲಿ ಒಣಗಿಸಿದ್ದನ್ನೇ ಕೇಳಿ. ನೂರು ಗ್ರಾಂ ಸಾಕು. ಮನೆಗೆ ತಂದೊಡನೆ ಪುಟ್ಟ ಪೊಟ್ಟಣಗಳಾಗಿ ಮಾಡಿ ಫ್ರೀಜರ್‌ನಲ್ಲಿಡಿ, ವಾರಕ್ಕೆ ಒಂದನ್ನು ಮಾತ್ರ ಹೊರಗೆ ತೆಗೆಯಿರಿ.

ಬಜರಿಗರ್, ಫಿಂಚ್‌ಗಳಿಗೆ ವಾರಕ್ಕೆ ಎರಡು ಮೂರು ಸಲ ಒಂದು ಚಿಟಿಕೆಯನ್ನು ಪುಡಿಮಾಡಿ ಮೊಳಕೆಕಾಳಿನ ಮೇಲೆ ಉದುರಿಸಿ. ಲೋರಿಗೆ ಅದರ ಮಕರಂದದ ಹಿಟ್ಟು ಕಲಸುವಾಗ ಸೇರಿಸಿ, ಎರಡು ಮೂರು ಗಂಟೆಯಲ್ಲಿ ಉಳಿದದ್ದನ್ನು ಚೆಲ್ಲಿ ಬಟ್ಟಲು ತೊಳೆಯಿರಿ. ನಮ್ಮ ಸೆಕೆಯಲ್ಲಿ ಅದು ಮಧ್ಯಾಹ್ನದವರೆಗೂ ತಾಳುವುದಿಲ್ಲ. ಮೊದಲ ವಾರ ಹಿಕ್ಕೆಯ ಮೇಲೆ ಕಣ್ಣಿಡಿ. ಬಣ್ಣ ತುಸು ಹಳದಿಯಾದರೆ ಗಾಬರಿ ಬೇಡ, ಆದರೆ ಹಕ್ಕಿ ಗರಿ ಉಬ್ಬಿಸಿ ಮೂಲೆಗೆ ಕುಳಿತರೆ ಪರಾಗ ನಿಲ್ಲಿಸಿ, ಡಬ್ಬಿಯ ಸಮೇತ ಬನ್ನಿ.