ಕಲಬುರಗಿಯ 42 ಡಿಗ್ರಿ ತಡೆದವರಿಗೆ ಮುಂಬಯಿಯ 33 ಡಿಗ್ರಿ ಯಾಕೆ ಸುಸ್ತು?

ಪ್ರಶ್ನೆ: ನಾನು ಹುಟ್ಟಿ ಬೆಳೆದಿದ್ದು ಕಲಬುರಗಿಯಲ್ಲಿ. 42 ಡಿಗ್ರಿ ಬಿಸಿಲಲ್ಲೂ ಆರಾಮಾಗಿ ಓಡಾಡಿಕೊಂಡಿದ್ದೆ. ಮದುವೆಯಾಗಿ ಮುಂಬಯಿ ಪಕ್ಕದ ಡೊಂಬಿವಲಿಗೆ ಬಂದ ಮೇಲೆ 33 ಡಿಗ್ರಿಗೇ ಸುಸ್ತಾಗಿ ಹೋಗುತ್ತೇನೆ. ಫ್ಯಾನ್ ಕೆಳಗೆ ಕೂತರೂ ಬೆವರು ನಿಲ್ಲಲ್ಲ. ಥರ್ಮಾಮೀಟರ್ ಸುಳ್ಳು ಹೇಳುತ್ತಾ? ಮೇ ತಿಂಗಳಲ್ಲಿ ಅವ್ವ ಊರಿಂದ ಬರುತ್ತಾಳೆ, ಅವಳಿಗೆ 68 ವರ್ಷ. ಏನು ಎಚ್ಚರಿಕೆ ತಗೋಬೇಕು?

ಉತ್ತರ: ವಿಜಯಪುರ, ರಾಯಚೂರು, ಬಳ್ಳಾರಿ ಕಡೆಯಿಂದ ಮುಂಬಯಿಗೆ ಬಂದವರೆಲ್ಲ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಇದು. ಉಡುಪಿ, ಮಂಗಳೂರಿನವರು ಅಷ್ಟಾಗಿ ಕೇಳಲ್ಲ. ಅವರು ಸೆಕೆಯಲ್ಲೇ ಬೆಳೆದವರು. ನಿಮ್ಮ ಥರ್ಮಾಮೀಟರ್ ಸರಿಯಾಗಿಯೇ ಇದೆ. ಆದರೆ ಅದು ಅರ್ಧ ವಿಷಯ ಮಾತ್ರ ಹೇಳುತ್ತದೆ. ಗಾಳಿ ಎಷ್ಟು ಬಿಸಿ ಎಂದು ಅದರಲ್ಲಿ ಗೊತ್ತಾಗುತ್ತದೆ. ಆ ಗಾಳಿಯಲ್ಲಿ ನಿಮ್ಮ ಬೆವರು ಎಷ್ಟು ಬೇಗ ಆರುತ್ತದೆ ಎಂಬುದು ಗೊತ್ತಾಗಲ್ಲ. ಮೈಗೆ ಬೇಕಾಗಿರುವುದು ಆ ಎರಡನೇ ವಿಷಯ.

ನಾವು ಸುಮ್ನೆ ಕೂತಿದ್ದರೂ ದೇಹದೊಳಗೆ ಸುಮಾರು 100 ವ್ಯಾಟ್‌ನಷ್ಟು ಶಾಖ ಹುಟ್ಟುತ್ತಲೇ ಇರುತ್ತದೆ. ಕೆಲಸ ಮಾಡಿದರೆ ಇದರ ಮೂರು-ನಾಲ್ಕು ಪಟ್ಟು. ಇದಿಷ್ಟೂ ಹೊರಗೆ ಹೋಗಬೇಕು, ಇಲ್ಲದಿದ್ದರೆ ಒಳಗಿನ 37 ಡಿಗ್ರಿ ಮೇಲೇರತೊಡಗುತ್ತದೆ. ಬೇಸಿಗೆಯಲ್ಲಿ ನಮ್ಮ ಚರ್ಮದ ಬಿಸಿ 35 ಡಿಗ್ರಿ ಹತ್ತಿರ ಇರುತ್ತದೆ. ಸುತ್ತಲಿನ ಗಾಳಿ 22 ಡಿಗ್ರಿ ಇದ್ದರೆ ಶಾಖ ತಾನಾಗಿ ಗಾಳಿಗೆ ಹೋಗುತ್ತದೆ. 33 ಇದ್ದರೆ ಹೋಗುವುದು ತೀರಾ ಕಡಿಮೆ. 42 ಇದ್ದರಂತೂ ಗಾಳಿಯಿಂದಲೇ ಮೈಗೆ ಶಾಖ ಬರುತ್ತದೆ. ಆಗ ಉಳಿಯುವ ದಾರಿ ಒಂದೇ, ಬೆವರು.

ಇಲ್ಲಿ ಒಂದು ಮಾತು ಸರಿಯಾಗಿ ತಿಳಿದುಕೊಳ್ಳಬೇಕು. ಬೆವರು ಬಂದ ಮಾತ್ರಕ್ಕೆ ಮೈ ತಂಪಾಗಲ್ಲ. ಅದು ಚರ್ಮದ ಮೇಲೇ ಆರಿ ಆವಿಯಾದರೆ ಮಾತ್ರ ತಂಪು. ನೀರು ಆವಿಯಾಗಲು ಶಾಖ ಬೇಕು, ಆ ಶಾಖವನ್ನು ಅದು ಮೈಯಿಂದಲೇ ತೆಗೆದುಕೊಳ್ಳುತ್ತದೆ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 2,400 ಕಿಲೋಜೂಲ್ ಶಾಖ ಮೈಯಿಂದ ಹೋದ ಹಾಗೆ. ಅಷ್ಟು ಶಾಖದಲ್ಲಿ ಏಳು ಲೀಟರ್ ತಣ್ಣೀರನ್ನು ಕುದಿಯುವವರೆಗೆ ಕಾಯಿಸಬಹುದು! ಅದೇ ಬೆವರು ಗದ್ದದಿಂದ ತೊಟ್ಟಿಕ್ಕಿ ನೆಲಕ್ಕೆ ಬಿದ್ದರೆ, ಬ್ಲೌಸಿನಲ್ಲಿ ಇಂಗಿ ಅಲ್ಲೇ ಉಳಿದರೆ, ಆ ತಂಪು ಸಿಗಲ್ಲ. ನೀರೂ ಹೋಯಿತು, ಉಪ್ಪೂ ಹೋಯಿತು, ಶಾಖ ಮಾತ್ರ ಒಳಗೇ ಉಳಿಯಿತು.

ಈಗ ನಿಮ್ಮ ಎರಡೂ ಊರನ್ನು ಪಕ್ಕಪಕ್ಕ ಇಟ್ಟು ಲೆಕ್ಕ ಹಾಕೋಣ. 35 ಡಿಗ್ರಿಯ ಒದ್ದೆ ಚರ್ಮಕ್ಕೆ ಅಂಟಿಕೊಂಡಿರುವ ಗಾಳಿಯಲ್ಲಿ ಪ್ರತಿ ಘನ ಮೀಟರಿಗೆ ಸುಮಾರು 40 ಗ್ರಾಂ ನೀರಾವಿ ಇರುತ್ತದೆ. ಕಲಬುರಗಿಯ ಏಪ್ರಿಲ್ ಮಧ್ಯಾಹ್ನ 42 ಡಿಗ್ರಿ ಬಿಸಿ, ಶೇ. 20 ತೇವಾಂಶ ಎಂದಿಟ್ಟುಕೊಳ್ಳಿ. ಆ ಗಾಳಿಯಲ್ಲಿರುವುದು ಸುಮಾರು 11 ಗ್ರಾಂ. ಮುಂಬಯಿಯಲ್ಲಿ 33 ಡಿಗ್ರಿ, ಶೇ. 70 ತೇವಾಂಶ ಇದ್ದರೆ ಸುಮಾರು 25 ಗ್ರಾಂ. ಬೆವರು ಎಷ್ಟು ವೇಗವಾಗಿ ಆರುತ್ತದೆ ಎಂಬುದು ಚರ್ಮದ ಪಕ್ಕದ ಆವಿಗೂ ಸುತ್ತಲಿನ ಆವಿಗೂ ಇರುವ ವ್ಯತ್ಯಾಸದ ಮೇಲೆ ನಿಂತಿದೆ. ಕಲಬುರಗಿಯಲ್ಲಿ ಆ ವ್ಯತ್ಯಾಸ 29. ಮುಂಬಯಿಯಲ್ಲಿ 15. ಅಂದರೆ ಗಾಳಿ ಒಂದೇ ವೇಗದಲ್ಲಿ ಬೀಸಿದರೂ ಡೊಂಬಿವಲಿಯಲ್ಲಿ ನಿಮ್ಮ ಬೆವರು ಹೆಚ್ಚುಕಡಿಮೆ ಅರ್ಧ ವೇಗದಲ್ಲಿ ಆರುತ್ತದೆ. ಆರದ್ದು ಮೈಮೇಲೆ ನಿಲ್ಲುತ್ತದೆ, ದೇಹ ಇನ್ನಷ್ಟು ಬೆವರು ಸುರಿಸುತ್ತದೆ, ಅದೂ ಆರಲ್ಲ. ಆ ಅಂಟಂಟು, ಆ ಸುಸ್ತು ಇದರಿಂದಲೇ.

"ಊರಲ್ಲಿ ನಾವು ಇಷ್ಟು ಬೆವರುತ್ತಲೇ ಇರಲಿಲ್ಲ" ಎಂದು ತುಂಬಾ ಜನ ಹೇಳುತ್ತಾರೆ. ಬೆವರುತ್ತಿದ್ದಿರಿ, ಬಹುಶಃ ಇಲ್ಲಿಗಿಂತ ಜಾಸ್ತಿಯೇ. ಹೊಲದಿಂದ ಬಂದವರ ಅಂಗಿಯ ಬೆನ್ನ ಮೇಲೆ, ಕಂಕುಳ ಸುತ್ತ ಬಿಳಿ ಗೆರೆಗಳು ಮೂಡಿರುವುದನ್ನು ನೋಡಿರುತ್ತೀರಿ. ಅದು ಬೆವರಿನ ಉಪ್ಪು. ನೀರು ಎಷ್ಟು ಬೇಗ ಆರಿಹೋಗಿದೆ ಎಂದರೆ ಒದ್ದೆಯೇ ಗೊತ್ತಾಗಿಲ್ಲ, ಉಪ್ಪು ಮಾತ್ರ ಕೂತಿದೆ. ಒಣ ಝಳದ ಅಪಾಯ ಇರುವುದು ಇಲ್ಲಿ. ನೀರು ಕಳೆದುಕೊಳ್ಳುತ್ತಿರುವುದು ಕಣ್ಣಿಗೆ ಕಾಣಲ್ಲ.

ಮೊಬೈಲಿನಲ್ಲಿ ಹವಾಮಾನ ನೋಡುವವರು ತೇವಾಂಶದ ಶೇಕಡಾ ನೋಡಿ ಮೋಸ ಹೋಗುತ್ತಾರೆ. ಬೆಳಗ್ಗೆ ಆರಕ್ಕೆ 26 ಡಿಗ್ರಿ, ಶೇ. 90. ಮಧ್ಯಾಹ್ನ ಎರಡಕ್ಕೆ 33 ಡಿಗ್ರಿ, ಶೇ. 60. ಮಧ್ಯಾಹ್ನ ಗಾಳಿ ಒಣಗಿದೆ ಅಂತ ಅನ್ನಿಸುತ್ತೆ, ಅಲ್ವಾ? ಎರಡೂ ಹೊತ್ತಲ್ಲಿ ಗಾಳಿಯಲ್ಲಿರುವ ಆವಿ ಹೆಚ್ಚುಕಡಿಮೆ ಅಷ್ಟೇ. ಶೇಕಡಾ ಎನ್ನುವುದು ಆ ಹೊತ್ತಿನ ಬಿಸಿಗೆ ತಕ್ಕಂತೆ ಬದಲಾಗುವ ಅಂಕಿ. ನೋಡಬೇಕಾದ್ದು 'ಡ್ಯೂ ಪಾಯಿಂಟ್'. ಗಾಳಿ ಎಷ್ಟು ತಣ್ಣಗಾದರೆ ಅದರಲ್ಲಿನ ಆವಿ ಇಬ್ಬನಿಯಾಗುತ್ತದೋ ಆ ಉಷ್ಣಾಂಶ ಅದು. ಹೆಚ್ಚಿನ ಹವಾಮಾನ ಆ್ಯಪ್‌ಗಳಲ್ಲಿ ಸಿಗುತ್ತದೆ. 15ರ ಆಸುಪಾಸು ಇದ್ದರೆ ಹಾಯಾಗಿರುತ್ತದೆ. 20 ದಾಟಿದರೆ ಅಂಟತೊಡಗುತ್ತದೆ. ಮುಂಬಯಿಯ ಮೇ-ಜೂನ್‌ನಲ್ಲಿ 25 ಮುಟ್ಟುವುದು ಮಾಮೂಲು.

ಇದನ್ನು ಮನೆಯಲ್ಲೇ ಅಳೆಯಬಹುದು. ಮಕ್ಕಳಿದ್ದರೆ ಅವರ ಕೈಯಲ್ಲೇ ಮಾಡಿಸಿ, ತುಂಬಾ ಖುಷಿಪಡುತ್ತಾರೆ. ಒಂದು ಸ್ಟೀಲ್ ಲೋಟದ ಹೊರಮೈಯನ್ನು ಚೆನ್ನಾಗಿ ಒರೆಸಿ. ನಲ್ಲಿ ನೀರು ಹಾಕಿ, ಅದರಲ್ಲಿ ಥರ್ಮಾಮೀಟರ್ ಇಡಿ. ಜ್ವರ ನೋಡುವ ಥರ್ಮಾಮೀಟರ್ ಬೇಡ, ಅದು ಅಷ್ಟು ಕೆಳಗಿನ ಬಿಸಿ ತೋರಿಸಲ್ಲ. ಅಡುಗೆಗೋ ಪ್ರಯೋಗಾಲಯಕ್ಕೋ ಬಳಸುವಂಥದ್ದು ಬೇಕು. ಐಸ್ ತುಂಡನ್ನು ಸ್ವಲ್ಪ ಸ್ವಲ್ಪವೇ ಹಾಕಿ ಕಲಕುತ್ತಾ ಹೋಗಿ. ಲೋಟದ ಹೊಳಪಿನ ಮೇಲೆ ಕಣ್ಣಿಡಿ. ಒಂದು ಹಂತದಲ್ಲಿ ಹೊಳಪು ಮಾಸಿ ಮಂಜು ಕಟ್ಟುತ್ತದೆ. ಬೆರಳು ಎಳೆದರೆ ಗೆರೆ ಮೂಡುತ್ತದೆ. ಆ ಕ್ಷಣದ ಉಷ್ಣಾಂಶವೇ ಡ್ಯೂ ಪಾಯಿಂಟ್. ಮೇ ತಿಂಗಳ ಡೊಂಬಿವಲಿಯಲ್ಲಿ ಮೊದಲ ಐಸ್ ತುಂಡಿಗೇ, 25ರ ಹತ್ತಿರವೇ ಮಂಜು ಕಟ್ಟಿದರೆ ಆಶ್ಚರ್ಯವಿಲ್ಲ. ನಾನು ಮೇಲೆ ಹೇಳಿದ ಕಲಬುರಗಿಯ ಮಧ್ಯಾಹ್ನವಾದರೆ 14 ಡಿಗ್ರಿಗೆ ಇಳಿಸಬೇಕಾಗುತ್ತದೆ.

ಮಣ್ಣಿನ ಗಡಿಗೆಯ ನೀರೂ ಇದೇ ಕಾರಣಕ್ಕೆ ಊರಿನಷ್ಟು ತಣ್ಣಗಾಗಲ್ಲ. ನೀರು ಆರುವುದರಿಂದ ಸಿಗುವ ತಂಪಿಗೂ ಒಂದು ಮಿತಿ ಇದೆ, ಅದಕ್ಕೆ 'ವೆಟ್ ಬಲ್ಬ್' ಉಷ್ಣಾಂಶ ಎನ್ನುತ್ತಾರೆ. ಥರ್ಮಾಮೀಟರ್ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿ ಹಾಕಿದರೆ ಅದು ಇಳಿದು ನಿಲ್ಲುವ ಅಂಕಿ. ನಮ್ಮ ಲೆಕ್ಕದ ಕಲಬುರಗಿಯಲ್ಲಿ ಅದು ಸುಮಾರು 24. ಮುಂಬಯಿಯಲ್ಲಿ 28. ಒಣ ಥರ್ಮಾಮೀಟರಿನಲ್ಲಿ ಕಲಬುರಗಿ 9 ಡಿಗ್ರಿ ಮುಂದಿದೆ, ಒದ್ದೆ ಥರ್ಮಾಮೀಟರಿನಲ್ಲಿ ಮುಂಬಯಿ 4 ಡಿಗ್ರಿ ಮುಂದೆ. ನಿಮ್ಮ ಮೈ ಹೇಳುತ್ತಿರುವುದು ಈ ಎರಡನೇ ಲೆಕ್ಕವನ್ನು.

ಊರಿಂದ ಏರ್ ಕೂಲರ್ ತರಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ. ಅದು ನೀರನ್ನು ಆವಿ ಮಾಡಿ ಗಾಳಿ ತಂಪು ಮಾಡುವ ಯಂತ್ರ. ಕಿಟಕಿ ಮುಚ್ಚಿದ ಮುಂಬಯಿ ಮನೆಯಲ್ಲಿ ಸೆಕೆಯನ್ನೇ ಹೆಚ್ಚಿಸುತ್ತದೆ. ಫ್ಯಾನ್ ಇಲ್ಲಿ ನಿಜಕ್ಕೂ ಉಪಕಾರಿ. ಅದು ಗಾಳಿಯನ್ನು ತಂಪು ಮಾಡಲ್ಲ, ಮೈಗೆ ಅಂಟಿಕೊಂಡ ಒದ್ದೆ ಗಾಳಿಯನ್ನು ಸರಿಸುತ್ತದೆ, ಬೆವರು ಬೇಗ ಆರುತ್ತದೆ. ಆದರೆ ಬಿಸಿ 40 ದಾಟಿದಾಗ ಫ್ಯಾನ್ ನಂಬಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಅದು ಬಿಸಿ ಗಾಳಿಯನ್ನೇ ಮೈಗೆ ಹೊಡೆಯುತ್ತದೆ. ಎಸಿ ಇದ್ದರೆ ಅದು ಗಾಳಿಯಿಂದ ನೀರನ್ನೂ ತೆಗೆಯುತ್ತದೆ. ಬಿಲ್ಡಿಂಗ್ ಪಕ್ಕ ನಡೆಯುವಾಗ ತಲೆ ಮೇಲೆ ಬೀಳುವ ಎಸಿ ನೀರು ಯಾರದೋ ಕೋಣೆಯ ಗಾಳಿಯಲ್ಲಿದ್ದದ್ದೇ. ಅದಕ್ಕೇ 26-27ಕ್ಕೆ ಇಟ್ಟು ಫ್ಯಾನ್ ಹಾಕಿಕೊಂಡರೂ ಸಾಕಾಗುತ್ತದೆ.

ಪುಣೆಯಲ್ಲಿರುವ ಕನ್ನಡಿಗರಿಗೆ ಈ ಕಷ್ಟ ಕಡಿಮೆ. ಪುಣೆ ಸಮುದ್ರ ಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ, ನಡುವೆ ಸಹ್ಯಾದ್ರಿ ಅಡ್ಡ ನಿಂತಿದೆ. ಏಪ್ರಿಲ್‌ನಲ್ಲಿ ಅಲ್ಲಿ 38-40 ಆದರೂ ಗಾಳಿ ಒಣ, ರಾತ್ರಿ ಹಾಯ್ ಎನಿಸುತ್ತದೆ. ಲೋಣಾವಳಾ ಘಾಟ್ ಇಳಿದು ಖೋಪೋಲಿ ಬರುತ್ತಿದ್ದಂತೆ ಬಸ್ಸಿನ ಕಿಟಕಿಯಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ.

ರಾತ್ರಿಯ ವಿಷಯ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಸುಸ್ತಿನ ದೊಡ್ಡ ಪಾಲು ಅಲ್ಲಿಂದಲೇ ಬರುತ್ತದೆ. ಒಣ ಊರಲ್ಲಿ ಸೂರ್ಯ ಮುಳುಗಿದ ಮೇಲೆ ನೆಲದ ಶಾಖ ಆಕಾಶಕ್ಕೆ ಹೋಗಿಬಿಡುತ್ತದೆ, ಬೆಳಗಿನ ಜಾವಕ್ಕೆ ಹದಿನೈದು ಡಿಗ್ರಿ ಇಳಿದಿರುತ್ತದೆ. ಮುಂಬಯಿಯಲ್ಲಿ ಗಾಳಿಯ ನೀರಾವಿ ಆ ಶಾಖವನ್ನು ತಡೆದು ವಾಪಸ್ ಕಳಿಸುತ್ತದೆ. ಮೇ ತಿಂಗಳಲ್ಲಿ ಮುಂಬಯಿಯ ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ ಗರಿಷ್ಠ 33-34 ಇದ್ದರೆ ಕನಿಷ್ಠವೂ 27ರ ಹತ್ತಿರ. ಹಗಲಿನ ದಣಿವನ್ನು ಕಳೆದುಕೊಳ್ಳಲು ಮೈಗೆ ಬಿಡುವೇ ಸಿಗಲ್ಲ.

ಇದನ್ನು ಬರೀ ಕಿರಿಕಿರಿ ಎಂದು ತಳ್ಳಿಹಾಕಬಾರದು. ವೆಟ್ ಬಲ್ಬ್ 35 ಮುಟ್ಟಿದರೆ ಆರೋಗ್ಯವಂತರೂ ನೆರಳಲ್ಲಿ ಕೂತು ಹೆಚ್ಚು ಗಂಟೆ ಬದುಕುಳಿಯಲಾರರು ಎಂದು 2010ರಲ್ಲಿ ಶೆರ್‌ವುಡ್ ಮತ್ತು ಹ್ಯೂಬರ್ ಎಂಬ ವಿಜ್ಞಾನಿಗಳು ಲೆಕ್ಕ ಹಾಕಿ ತೋರಿಸಿದರು. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಯುವಕ ಯುವತಿಯರನ್ನೇ ಪರೀಕ್ಷಿಸಿದಾಗ, ತೇವದ ಗಾಳಿಯಲ್ಲಿ 31ರ ಸುತ್ತಮುತ್ತಲೇ ದೇಹದ ಬಿಸಿಯ ಹತೋಟಿ ತಪ್ಪತೊಡಗಿತು. ಆ ಫಲಿತಾಂಶ 2022ರಲ್ಲಿ ಬಂತು. ಮುಂಬಯಿಯ 28 ಅದಕ್ಕೆ ತುಂಬಾ ದೂರವೇನಿಲ್ಲ. 2023ರ ಏಪ್ರಿಲ್ 16ರಂದು ನವಿ ಮುಂಬಯಿಯ ಖಾರ್ಘರ್‌ನಲ್ಲಿ ಮಹಾರಾಷ್ಟ್ರ ಭೂಷಣ ಪ್ರಶಸ್ತಿ ಸಮಾರಂಭ ಬಯಲಲ್ಲಿ ನಡೆಯಿತು. ಬಿಸಿ 38ರ ಆಸುಪಾಸು ಇತ್ತು. ಬಿಸಿಲಲ್ಲಿ ಕೂತಿದ್ದವರಲ್ಲಿ 14 ಜನ ತೀರಿಕೊಂಡರು. ಕಲಬುರಗಿಯವರಿಗೆ 38 ಎಂದರೆ ಏನೂ ಅಲ್ಲ ಅನ್ನಿಸಬಹುದು. ಹವಾಮಾನ ಇಲಾಖೆ ಬಯಲು ಸೀಮೆಯಲ್ಲಿ 40 ದಾಟಿದರೆ ಬಿಸಿ ಅಲೆಯ ಲೆಕ್ಕ ಶುರು ಮಾಡುತ್ತದೆ, ಕರಾವಳಿಯಲ್ಲಿ 37ಕ್ಕೇ ಶುರು ಮಾಡುತ್ತದೆ. ಸುಮ್ನೆ ಹಾಗೆ ಮಾಡಿದ್ದಲ್ಲ.

ಇನ್ನು ಅವ್ವನ ವಿಷಯ. ಹೊಸ ಹವೆಗೆ ಮೈ ಒಗ್ಗಲು ಒಂದೆರಡು ವಾರ ಬೇಕು. ಬಂದ ಮೊದಲ ವಾರವೇ ಮಧ್ಯಾಹ್ನ ದಾದರ್ ಮಾರ್ಕೆಟ್, ಸಿದ್ಧಿವಿನಾಯಕ ಎಂದು ಸುತ್ತಿಸಬೇಡಿ. ಬೆಳಗ್ಗೆ ಬೇಗ ಹೊರಟು ಹತ್ತರೊಳಗೆ ಮನೆ ಸೇರಿ. ವಯಸ್ಸಾದವರಿಗೆ ಬೆವರು ಕಡಿಮೆ, ಬಾಯಾರಿಕೆಯೂ ತಡವಾಗಿ ಗೊತ್ತಾಗುತ್ತದೆ. ಹಾಗಾಗಿ "ನೀರು ಬೇಕಾ ಅವ್ವ?" ಎಂದು ಕೇಳಬೇಡಿ, ಬೇಡ ಅಂತಾರೆ. ಉಪ್ಪು ಹಾಕಿದ ಮಜ್ಜಿಗೆಯನ್ನು ಕೈಗೇ ಕೊಡಿ. ಬಿಪಿ, ಹೃದಯ ಅಥವಾ ಕಿಡ್ನಿ ತೊಂದರೆಗೆ ಮಾತ್ರೆ ತಗೊಳ್ಳುತ್ತಿದ್ದರೆ ನೀರು, ಉಪ್ಪು ಎಷ್ಟಿರಬೇಕು ಎಂದು ಡಾಕ್ಟರನ್ನು ಮೊದಲೇ ಕೇಳಿಟ್ಟುಕೊಳ್ಳಿ. ತೆಳ್ಳಗಿನ, ಸಡಿಲವಾದ ಹತ್ತಿ ಸೀರೆ ಸಾಕು. ಮನೆಯಲ್ಲಿ ಎದುರುಬದುರು ಕಿಟಕಿ ತೆಗೆದಿಡಿ. ಸೆಕೆ ಜಾಸ್ತಿಯಾದಾಗ ಮುಖ, ಕುತ್ತಿಗೆ, ತೋಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಫ್ಯಾನ್ ಕೆಳಗೆ ಕೂರಿಸಿ.

ತಲೆಸುತ್ತು, ವಾಕರಿಕೆ, ಕಾಲು ಸೆಳೆತ ಬಂದರೆ ನೆರಳಿಗೆ ಕರೆದುಕೊಂಡು ಹೋಗಿ ಮಲಗಿಸಿ, ಓಆರ್‌ಎಸ್ ಕುಡಿಸಿ. ಮಾತು ತಡವರಿಸಿದರೆ, ಎಲ್ಲಿದ್ದೇನೆ ಎಂದು ಗೊತ್ತಾಗದೆ ಹೋದರೆ, ಮೈ ಕೆಂಡದ ಹಾಗೆ ಸುಟ್ಟರೆ ಅದು ಹೀಟ್ ಸ್ಟ್ರೋಕ್. ಬೆವರು ಬರುತ್ತಲೇ ಇದ್ದರೂ ಹೀಟ್ ಸ್ಟ್ರೋಕ್ ಆಗಬಹುದು. ಆಗ ಬಾಯಿಗೆ ಏನೂ ಹಾಕಬೇಡಿ. 108ಕ್ಕೆ ಫೋನ್ ಮಾಡಿ. ಆ್ಯಂಬುಲೆನ್ಸ್ ಬರುವವರೆಗೆ ಕಾಯುತ್ತಾ ಕೂರದೆ ಬಟ್ಟೆ ಸಡಿಲ ಮಾಡಿ, ಮೈಮೇಲೆ ತಣ್ಣೀರು ಸುರಿಯುತ್ತಾ ಗಾಳಿ ಹಾಕುತ್ತಲೇ ಇರಿ.